ಬಸಿಯಲ್ಲಿ ನಿಂತ ನೀರು

...ಅಥವಾ ಅದು ಚಹಾ ಕಪ್ಪಿನ ಕೆಳಗಿಡುವ ಬಸಿಯೇ ಅಲ್ಲವೇನೋ, ಹಿತ್ತಾಳೆಯ ತಟ್ಟೆ ಇದ್ದಿರಬಹುದು. ಇಷ್ಟು ವರ್ಷ ಆ ದಿನವನ್ನು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಹೇಳಿಕೊಂಡಾಗಲೆಲ್ಲ ಏನನ್ನಾದರೂ ತಿದ್ದಿರಬೇಕು. ಮೊನ್ನೆ ಅಟ್ಟದಿಂದ ಕ್ಯಾಮೆರಾದ ಹಳೆಯ ಮೂರು ಕಾಲಿನ ಸ್ಟ್ಯಾಂಡ್ ಇಳಿಸಿದಾಗ ಅಗಸೆ ಎಣ್ಣೆಯ ವಾಸನೆ ಬಂತು. ಮೂವತ್ತು ವರ್ಷದ ಮೇಲೂ ವಾಸನೆ ಉಳಿಯುತ್ತದೆಯೇ? ಬಂತು ಅನ್ನಿಸಿತು, ಅಷ್ಟೆ. ಅದರ ಹಿಂದೆಯೇ ಮಿಸ್ತ್ರಿ ನೆನಪಿಗೆ ಬಂದರು.

ಅವರು ಬ್ಯಾಡಗಿಯಲ್ಲಿ ಬಡಗಿಯ ಕೆಲಸ ಮಾಡುತ್ತಿದ್ದರು. ನಾನು ಹಾವೇರಿಯಲ್ಲಿ ಆಗತಾನೆ ಸ್ಟುಡಿಯೋ ತೆರೆದಿದ್ದೆ. ತಲೆಗೆ ಕರಿಬಟ್ಟೆ ಹೊದ್ದು ನೋಡುವ ದೊಡ್ಡ ಕಟ್ಟಿಗೆಯ ಕ್ಯಾಮೆರಾ ಒಂದನ್ನು ಮುಚ್ಚಿಹೋದ ಸ್ಟುಡಿಯೋದಿಂದ ಕೊಂಡಿದ್ದೆ. ಅಂಗೈಯಗಲದ ಫಿಲ್ಮು, ಸಲಕ್ಕೆ ಒಂದೇ ಹಾಳೆ. ಅದನ್ನು ಹೊರುವ ಸ್ಟ್ಯಾಂಡ್ ಮಾತ್ರ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಕಂಡ ಗಟ್ಟಿಯಾದದ್ದು ನನ್ನ ಕೈಗೆಟುಕಲಿಲ್ಲ. ಕೈಗೆಟುಕಿದ್ದು ಕ್ಯಾಮೆರಾ ಇಟ್ಟೊಡನೆ ಕತ್ತು ಬಗ್ಗಿಸಿತು. ಕ್ಯಾಮೆರಾದ ಪೆಟ್ಟಿಗೆ ರಿಪೇರಿ ಮಾಡಿಕೊಟ್ಟಿದ್ದ ಮಿಸ್ತ್ರಿಯೇ ನನ್ನನ್ನು ರಾಣೆಬೆನ್ನೂರಿನ ಗುಜರಿ ಅಂಗಡಿಯೊಂದಕ್ಕೆ ಕರೆದೊಯ್ದರು.

ಅಲ್ಲಿ ಎರಡಿದ್ದವು. ಒಂದು ಹೊಳೆಯುವ ಅಲ್ಯುಮಿನಿಯಂ. ಇನ್ನೊಂದು ಹೊಲ ಅಳೆಯುವ ಸರ್ವೆಯವರ ಕಟ್ಟಿಗೆಯದು, ಒಂದು ಕಾಲು ಸೀಳಿತ್ತು. ನನ್ನ ಕಣ್ಣು ಮೊದಲನೆಯದರ ಮೇಲೆ. ಮಿಸ್ತ್ರಿ ಬಸಿಯಲ್ಲಿ ನೀರು ತರಿಸಿ, ಒಂದೊಂದರ ನೆತ್ತಿಯ ಮೇಲೂ ಇಟ್ಟು, ಕಾಲಿಗೆ ಬೆರಳ ಗೆಣ್ಣಿನಿಂದ ಬಡಿದರು. ಅಲ್ಯುಮಿನಿಯಂ ಮೇಲಿನ ನೀರು ನಡುಗುತ್ತಲೇ ಇತ್ತು. ಕಟ್ಟಿಗೆಯ ಮೇಲಿನದು ಎರಡು ಸಲ ಅಲುಗಿ ನಿಂತಿತು.

“ಏನ್ ಮಿಸ್ತ್ರಿ, ಕಟ್ಟಿಗಿಗೂ ಬಸಿಯಾಗ ನೀರು ಕುಡಸ್ತಿ?” ಎಂದು ಅಂಗಡಿಯವನು ನಕ್ಕ.

“ನಿನಗಿಂತ ಅದಕ್ಕ ಬುದ್ಧಿ ಐತಿ. ಬಡದ್ರ ಲಗೂ ಸುಮ್ಮನಾಗ್ತೈತಿ,” ಎಂದು ಮಿಸ್ತ್ರಿ ನನ್ನ ಕಡೆ ತಿರುಗಿದರು. “ಸರ, ಹೊಳಪು ನೋಡಬ್ಯಾಡ್ರಿ. ನಡುಕ ಎಷ್ಟೊತ್ತಿಗೆ ನಿಲ್ತೈತಿ, ಅಷ್ಟ ನೋಡ್ರಿ.”

ಕಟ್ಟಿಗೆಯದನ್ನೇ ಕೊಂಡೆ. ಮಿಸ್ತ್ರಿ ಸೀಳಿದ ಕಾಲನ್ನು ತೆಗೆದು ಹೊಸದು ಜೋಡಿಸಿ, ಅಗಸೆ ಎಣ್ಣೆ ಹಚ್ಚಿ ಕೊಟ್ಟರು. ಕೂಲಿ ಎಷ್ಟೆಂದು ಕೇಳಿದರೆ ಬೇಡವೆಂದು ತಲೆಯಾಡಿಸಿದರು. “ನಮ್ಮ ಅಮ್ಮಾಂದೊಂದು ಫೋಟೋ ತಗದ ಕೊಡ್ರಿ. ಆಕೀದು ಒಂದೂ ಇಲ್ಲ.”

ಮೆಣಸಿನಕಾಯಿಯ ದಿನಗಳು, ಬ್ಯಾಡಗಿಯಲ್ಲಿ ಇಳಿದರೆ ನನ್ನಂಥವರಿಗೆ ಕಣ್ಣುರಿ. ಮಿಸ್ತ್ರಿಯ ಅಮ್ಮ, ಆ ಹಣ್ಣುಹಣ್ಣು ಅಜ್ಜಿಯನ್ನು, ಬಾಗಿಲ ಮುಂದೆ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಬೆಳಕು ಕಡಿಮೆ, ಎರಡು ಸೆಕೆಂಡು ಅಲುಗಾಡದೆ ಇರಬೇಕು ಎಂದೆ.

“ಉಸುರರ ಬಿಡ್ಲೋ, ಹಿಂಗ ಹಿಡಕೊಂಡ ಸತ್ತ ಹೋಗ್ಲೋ?” ಎಂದಳು ಅಜ್ಜಿ. ನೆರೆಯವರೆಲ್ಲ ನಕ್ಕರು.

ಮಿಸ್ತ್ರಿ ನೀರಿನ ಬಸಿ ಹಿಡಿದು ಬಂದರು. ಕ್ಯಾಮೆರಾದ ಮೇಲಿಟ್ಟು, ನೀರು ನಿಂತ ಮೇಲೆ ಫೋಟೋ ತೆಗೆಯಿರಿ ಎಂಬುದು ಅವರ ಲೆಕ್ಕ. ಅಷ್ಟು ಜನರ ಮುಂದೆ ನನಗೆ ನಾಚಿಕೆಯಾಯಿತು. “ಬ್ಯಾಡ ಮಿಸ್ತ್ರಿ, ಇದು ನನ್ನ ಕೆಲಸ,” ಅಂದೆ. ಫಿಲ್ಮು ತೂರಿಸಿದೆ, ಫೋಟೋ ತೆಗೆದೆ.

ತೊಳೆದು ನೋಡಿದರೆ ಅಜ್ಜಿಗೆ ಎರಡು ಮುಖ. ಹಿಂದಿನ ಬಾಗಿಲ ಚೌಕಟ್ಟೂ ಎರಡಾಗಿತ್ತು. ಅಂದರೆ ಅಲುಗಿದ್ದು ಆಕೆಯಲ್ಲ, ಕ್ಯಾಮೆರಾ. ಅಜ್ಜಿ ಅಲುಗಿದಳು ಎನ್ನುವ ನೆಪವೂ ನನಗೆ ಉಳಿಯಲಿಲ್ಲ.

ಫೋಟೋ ಒಯ್ಯಲು ಮಿಸ್ತ್ರಿ ಹಾವೇರಿಗೆ ಬಂದರು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಏನಾತ್ರಿ ಇದು?” ಎಂದರು.

“ಸ್ಟ್ಯಾಂಡ್ ಅಳ್ಳಾಡೈತಿ, ಮಿಸ್ತ್ರಿ.”

ಎಷ್ಟು ಬೇಗ ಬಂತು ಆ ಮಾತು! ಅವತ್ತು ಸ್ಟ್ಯಾಂಡಿನ ಮೂರನೆಯ ಕಾಲು ಜಾರದಂತೆ ಹಿಡಿಯುವ ತಿರುಪನ್ನು ನಾನು ಬಿಗಿ ಮಾಡಿದ್ದೆನೇ? ಒಂದು ನೆನಪಿನಲ್ಲಿ ಮಾಡುತ್ತೇನೆ. ಇನ್ನೊಂದರಲ್ಲಿ ಕಣ್ಣೊರೆಸಿಕೊಳ್ಳುತ್ತ ಮರೆಯುತ್ತೇನೆ... ಎರಡನ್ನೂ ನಾನೇ ಆಮೇಲೆ ಕಟ್ಟಿಕೊಂಡಿರಬಹುದು. ಮಿಸ್ತ್ರಿ ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡು ಬಸ್ಸಿಗೆ ನಡೆದರು.

ಒಂದು ತಿಂಗಳಾಗಿತ್ತೇನೋ, ತಂದುಕೊಟ್ಟರು. ಕಾಲುಗಳ ನಡುವೆ ಮೂರು ಹೊಸ ಅಡ್ಡಪಟ್ಟಿ ಹಾಕಿದ್ದರು. ನಾನು ಉತ್ಸಾಹದಿಂದ ಕ್ಯಾಮೆರಾ ಎತ್ತಿಕೊಂಡೆ. “ನಡೀರಿ ಮಿಸ್ತ್ರಿ, ಇವತ್ತ ತಗದ ಬಿಡೂಣು.”

“ಯಾರ್ದ ತಗೀತೀರಿ?” ಅಂದರು. ಆಮೇಲೆ, “ಅಮ್ಮಾ ಹೋಗಿ ಹದಿನೈದ ದಿನಾ ಆತ್ರಿ.”

ನಾನು ಕ್ಯಾಮೆರಾ ಹಿಡಿದೇ ನಿಂತಿದ್ದೆ. ಅವರು ಪಟ್ಟಿಯ ಮೇಲೆ ಕೈಯಾಡಿಸಿದರು. “ಮೊದಲ ನಾ ಚೊಲೋ ಜೋಡಿಸಿದ್ದಿಲ್ಲ. ಈಗ ಅಳ್ಳಾಡಂಗಿಲ್ಲ. ಆ ಫೋಟೋನ ಕೊಟ್ಟಬಿಡ್ರಿ, ಇರ್ಲಿ.”

ತಿರುಪಿನ ಮಾತನ್ನು ನಾನು ಎತ್ತಲಿಲ್ಲ. ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಎರಡು ಮುಖದ ಆ ಫೋಟೋವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ, ಅವರು ಅಂಗಿಯೊಳಗೆ ಇಟ್ಟುಕೊಂಡು ಹೋದರು. ಆಮೇಲೆ ಅವರು ಬರಲಿಲ್ಲ, ಬಹುಕಾಲ ಬ್ಯಾಡಗಿಯ ಕಡೆ ನಾನೂ ಕಾಲಿಡಲಿಲ್ಲ. ವರ್ಷಗಳ ಮೇಲೆ ಹೋದಾಗ ಅವರ ಕೆಲಸದ ಶೆಡ್ಡಿನಲ್ಲಿ ಖಾಲಿ ಚೀಲಗಳಿದ್ದವು. ತೀರಿಕೊಂಡರು ಎಂದು ಪಕ್ಕದವರು ಹೇಳಿದರು. ಫೋಟೋದ ವಿಷಯ ಯಾರನ್ನು ಕೇಳುವುದು...

ಮೊನ್ನೆ ಸ್ಟ್ಯಾಂಡನ್ನು ಅಂಗಳದಲ್ಲಿ ನಿಲ್ಲಿಸಿ, ಮೇಲೆ ಬಸಿಯಲ್ಲಿ ನೀರಿಟ್ಟು ಕಾಲಿಗೆ ಬಡಿದೆ. ನೀರು ಒಮ್ಮೆ ಅಲುಗಿ ನಿಂತಿತು. ಆದರೆ ಇದು ಪಟ್ಟಿ ಹಾಕಿದ ಮೇಲಿನ ಮಾತು. ಆ ಮೂರು ಪಟ್ಟಿಗಳನ್ನು ಬಿಚ್ಚಿ ಇನ್ನೊಮ್ಮೆ ಬಡಿದರೆ ಅಂದಿನ ಸ್ಟ್ಯಾಂಡ್ ಹೇಗಿತ್ತೆಂದು ಸ್ವಲ್ಪವಾದರೂ ತಿಳಿದೀತು. ಸ್ಕ್ರೂಡ್ರೈವರ್ ತಂದೂ ತಂದೆ.

ಬಿಚ್ಚಲಿಲ್ಲ. ಅವತ್ತು ಅಲುಗಿದ್ದು ಅವರ ಜೋಡಣೆಯೋ ನನ್ನ ತಿರುಪೋ, ನನಗೆ ಗೊತ್ತಿಲ್ಲ.