ಕ್ಲಚ್ ತುಳಿದ ಎಡಗಾಲು

ಕಾರ್ತಿಕದ ಒಂದು ಬುಧವಾರ, ಬೆಳಗ್ಗೆ ಆರು ಗಂಟೆ. ಸ್ಥಳ ಚಾಮರಾಜಪೇಟೆ, ನಮ್ಮ ಗೋಡೌನಿನ ಮುಂದೆ. ಇದ್ದವರು ನಾನು ಮತ್ತು ನಮ್ಮ ಡ್ರೈವರ್. ಹೀಗೆ ಶುರು ಮಾಡದಿದ್ದರೆ ನನಗೆ ಮುಂದಿನ ವಾಕ್ಯವೇ ಬರುವುದಿಲ್ಲ. ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದಷ್ಟು ಕಾಲವೂ, ಪಾಳಿ ಒಪ್ಪಿಸುವಾಗ ಮೊದಲು ದಿನ, ವೇಳೆ, ಯಾರ್ಯಾರು ಹಾಜರು ಎಂದು ಬರೆದು, ಆಮೇಲೆ ರೋಗಿಯ ವಿಷಯಕ್ಕೆ ಬರುತ್ತಿದ್ದೆ.

ನಮ್ಮದು ಮದುವೆ ಮುಂಜಿಗಳಿಗೆ ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನಮ್ಮ ಯಜಮಾನರು ಶುರು ಮಾಡಿದ್ದು. ಅವರು ಹೋದಮೇಲೆ ನಾನು ನೋಡಿಕೊಳ್ಳುತ್ತೇನೆ. ಇರುವುದು ಒಂದೇ ಕ್ಯಾಂಟರ್ ಲಾರಿ, ಒಬ್ಬನೇ ಡ್ರೈವರ್. ಐವತ್ತು ದಾಟಿದವನು, ಯಜಮಾನರ ಕಾಲದಿಂದಲೂ ಇರುವವನು. ಕೊಪ್ಪರಿಗೆಗೆ ಒಂದು ತಗ್ಗು ಬೀಳದ ಹಾಗೆ ಗಾಡಿ ಓಡಿಸುತ್ತಾನೆಂದು ಅಡುಗೆಯವರೆಲ್ಲ ಹೇಳುತ್ತಿದ್ದರು.

ಆದರೆ ದಸರಾ ಕಳೆದಾಗಿನಿಂದ ಗೇರ್ ಗಟ್ಟಿಯಾಗಿತ್ತು. ಗೇರ್ ಬದಲಿಸುವಾಗಲೆಲ್ಲ ಕರ್ ಎಂದು ಹಲ್ಲು ಕಡಿಯುವ ಸದ್ದು ಗೋಡೌನಿನ ಒಳಗಿದ್ದ ನನಗೂ ಕೇಳುತ್ತಿತ್ತು. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಚಳಿ ಅಲ್ವಾ ಸಿಸ್ಟರಮ್ಮ, ಆಯಿಲ್ ಗಟ್ಟಿಯಾಗಿರುತ್ತೆ. ಬಿಸಿಯಾದ್ರೆ ಸರಿಹೋಗುತ್ತೆ." ಬಿಸಿಯಾದ ಮೇಲೂ ಸದ್ದು ಹೋಗುತ್ತಿರಲಿಲ್ಲ. ಅದಕ್ಕೇ ಆ ದಿನ ನಾನೂ ಗಾಡಿ ಹತ್ತಿದೆ.

ಮಲ್ಲೇಶ್ವರದ ಒಂದು ಛತ್ರಕ್ಕೆ ಪಾತ್ರೆ ತಲುಪಿಸಬೇಕಿತ್ತು. ಎಂದಿನಂತೆ ಅವನು ಚಪ್ಪಲಿ ಬಿಟ್ಟು, ಅದನ್ನು ಸೀಟಿನ ಕೆಳಗೆ ತಳ್ಳಿ, ಮುಂದಿದ್ದ ದೇವರ ಪಟಕ್ಕೆ ಕೈಮುಗಿದು ಕೂತ. ದೇವರಿರುವ ಜಾಗದಲ್ಲಿ ಚಪ್ಪಲಿ ಹಾಕಬಾರದೆಂಬುದು ಅವನ ನೇಮ. ಬಿಸಿಲಿರಲಿ, ಮಳೆಯಿರಲಿ, ಬರಿಗಾಲಲ್ಲೇ ಓಡಿಸುತ್ತಿದ್ದ.

ಶೇಷಾದ್ರಿಪುರ ದಾಟಿ ಏರು ಬರುತ್ತದೆ. ರಸ್ತೆಗೆ ಕಾಂಕ್ರೀಟ್ ಹಾಕುವ ವೈಟ್ ಟಾಪಿಂಗ್ ಕೆಲಸ ನಡೆದು ಅರ್ಧ ಅಗಲ ಮಾತ್ರ ಉಳಿದಿತ್ತು. ಸಿಗ್ನಲ್ಲಿನಲ್ಲಿ ನಿಂತೆವು. ಹಸಿರು ಬಂತು. ಫಸ್ಟ್ ಗೇರ್ ಬೀಳಲಿಲ್ಲ. ಅವನು ಕ್ಲಚ್ ತುಳಿದು ಲಿವರ್ ತಳ್ಳಿದ, ಕರ್ ಎಂದಿತು. ಮತ್ತೆ ತಳ್ಳಿದ. ಹಿಂದಿನವರ ಹಾರನ್ನಿಗೆ ಗಾಬರಿಯಾಗಿ ಬ್ರೇಕಿನ ಮೇಲಿನ ಕಾಲು ಸಡಿಲಿಸಿದನೋ ಏನೋ, ಗಾಡಿ ಹಿಂದಕ್ಕೆ ಜಾರತೊಡಗಿತು. ಕೊಪ್ಪರಿಗೆಗಳು ಒಂದಕ್ಕೊಂದು ಬಡಿದವು. ಹಿಂದೆ ಒಬ್ಬ ಹೆಣ್ಣುಮಗಳು ಕಿರುಚಿದಳು. ನಾನು ಹ್ಯಾಂಡ್‌ಬ್ರೇಕ್ ಎಳೆದೆ.

ಇಳಿದು ನೋಡಿದರೆ, ಗಾಡಿಯ ಹಿಂಬದಿಗೂ ಒಂದು ಸ್ಕೂಟರಿನ ಚಕ್ರಕ್ಕೂ ನಡುವೆ ನನ್ನ ಕೈ ತೂರಿಸುವಷ್ಟೂ ಜಾಗವಿರಲಿಲ್ಲ. ಸ್ಕೂಟರಿನಲ್ಲಿ ತಾಯಿ, ಅವಳ ಬೆನ್ನಿಗೆ ಅಂಟಿಕೊಂಡು ಯೂನಿಫಾರ್ಮಿನ ಹುಡುಗಿ.

"ಏನ್ರೀ, ಹಿಂದೆ ಮಗು ಇದೆ, ಕಾಣ್ಸಲ್ವಾ? ಓಡ್ಸಕ್ಕೆ ಬರ್ದಿದ್ರೆ ಗಾಡಿ ಯಾಕ್ರೀ ಹತ್ತೀರಾ?"

ಕ್ಷಮೆ ಕೇಳಿದೆ. ವಾಪಸು ಬಂದು ಕೂತೆ. ಡ್ರೈವರ್ ಮುಖದಲ್ಲಿ ರಕ್ತವೇ ಇರಲಿಲ್ಲ. "ಕೊನೆವರೆಗೂ ತುಳಿದಿದ್ದೆ ಸಿಸ್ಟರಮ್ಮ. ದೇವ್ರಾಣೆ ತುಳಿದಿದ್ದೆ," ಎಂದ.

ಛತ್ರದಲ್ಲಿ ಪಾತ್ರೆ ಇಳಿಸಿದ್ದೇ, ನೇರ ಕಲಾಸಿಪಾಳ್ಯದ ಗ್ಯಾರೇಜಿಗೆ ನಡೆ ಎಂದೆ. ಏರಿರುವ ದಾರಿಯನ್ನೆಲ್ಲ ತಪ್ಪಿಸಿ ಸುತ್ತಿಕೊಂಡು ಬಂದೆವು. ನನ್ನ ಕಣ್ಣ ಮುಂದೆ ಆ ಹುಡುಗಿಯ ಬಿಳಿ ಕಾಲುಚೀಲವಿತ್ತು. ಗಾಡಿಯದು ತಪ್ಪಾದರೆ ರಿಪೇರಿಯಾಗುತ್ತದೆ. ಇವನದಾದರೆ? ಇಷ್ಟು ವರ್ಷದವನನ್ನು ಗಾಡಿಯಿಂದ ಇಳಿಸಬೇಕಾಗುತ್ತದೆಯೇ? ಇಳಿಸದೆ ಇದ್ದು, ನಾಳೆ ಇನ್ನೊಂದು ಏರಿನಲ್ಲಿ ಇನ್ನೊಂದು ಮಗುವಿದ್ದರೆ?

ಮೆಕ್ಯಾನಿಕ್ ನಲವತ್ತರ ಆಸುಪಾಸಿನವನು, ಬಾಯಿ ಸುಮ್ಮನಿರದವನು. ಇಂಜಿನ್ ಆಫ್ ಮಾಡಿ ಒಂದೊಂದೇ ಗೇರ್ ಹಾಕಿ ನೋಡಿದ. ಎಣ್ಣೆ ಬಿಟ್ಟ ಚಿಲಕದ ಹಾಗೆ ಎಲ್ಲವೂ ಬಿದ್ದವು. ಸ್ಟಾರ್ಟ್ ಮಾಡಿ ಹಾಕಿದ. ಕರ್ ಎಂದಿತು.

"ನೋಡಿ ಅಮ್ಮ, ಗೇರ್‌ಬಾಕ್ಸ್ ಬಿಚ್ಚೋದೇನೂ ಬೇಕಿಲ್ಲ. ಒಳಗೆ ಕೆಟ್ಟಿದ್ರೆ ಆಫ್ ಇದ್ದಾಗ್ಲೂ ಬೀಳ್ತಿರ್ಲಿಲ್ಲ. ಕ್ಲಚ್ಚು ಇಂಜಿನ್ನ ಪೂರ್ತಿ ಬಿಡ್ತಿಲ್ಲ, ಅಷ್ಟೇ. ಮುಷ್ಟಿ ಹಿಡ್ಕೊಂಡಿರೋ ಕೈಗೆ ಬಳೆ ತೊಡ್ಸಿದ್ಹಂಗೆ."

ಕ್ಲಚ್ ಆಯಿಲ್ ನೋಡಿದ, ಸರಿಯಾಗಿತ್ತು. ಸೋರಿಕೆ ಇರಲಿಲ್ಲ. ಪೆಡಲನ್ನು ಕೈಯಿಂದ ಒತ್ತಿ, ಅರ್ಧ ದಾರಿಯವರೆಗೆ ಸುಮ್ಮನೆ ಇಳಿಯುವುದನ್ನು ನನಗೆ ತೋರಿಸಿದ. ಪೆಡಲಿನ ಈ ಖಾಲಿ ಆಟ ಜಾಸ್ತಿಯಾಗಿತ್ತು, ನೆಲ ಮುಟ್ಟುವ ತನಕ ತುಳಿದರೆ ಮಾತ್ರ ಕ್ಲಚ್ ಬಿಡುತ್ತಿತ್ತು. ಗಾಡಿಯಡಿ ಮಲಗಿ ರಾಡಿನ ನಟ್ಟು ತಿರುಗಿಸಿ ಆಟ ಕಡಿಮೆ ಮಾಡಿದ. ಗಾಡಿ ಹತ್ತಿ ಬೀದಿಯ ತುದಿಯವರೆಗೆ ಹೋಗಿ ಬಂದ. ಒಂದು ಸಲವೂ ಸದ್ದಾಗಲಿಲ್ಲ. ಹಾಗಾದರೆ ತಪ್ಪು ಗಾಡಿಯದೇ ಎಂದುಕೊಂಡೆ.

"ಈಗ ನೀನು ಹತ್ತು ಗುರು," ಎಂದ ಮೆಕ್ಯಾನಿಕ್.

ನಮ್ಮವನು ಹತ್ತಿದ. ಮೊದಲ ಸಲ ಬಿತ್ತು. ಎರಡನೆಯ ಸಲ ಕರ್ ಎಂದಿತು. ಮತ್ತೆ ಕರ್ ಎಂದಿತು.

"ಏನಣ್ಣ, ಗಾಡಿ ನಿನ್ನ ಜೊತೆ ಟೂ ಬಿಟ್ಟಿದ್ಯಾ? ನನ್ನ ಹತ್ರ ಚೆನ್ನಾಗೇ ಇತ್ತಲ್ಲ!"

"ತಮಾಷೆ ಮಾಡ್ಬೇಡ ಕಣಯ್ಯ. ಪೂರ್ತಿ ತುಳಿದಿದೀನಿ."

"ಎಲ್ಲಿ ಪೂರ್ತಿ? ಇನ್ನೂ ನಾಕು ಬೆರಳು ಇದೆ ಕೆಳಗೆ. ಬಗ್ಗಿ ನೋಡು."

ಅವನು ಬಗ್ಗಿ ನೋಡಿದ. ನೋಡಿದ ಮೇಲೂ ಅವನ ಮುಖದಲ್ಲಿ ನಂಬಿಕೆ ಬರಲಿಲ್ಲ. ಅಲ್ಲಿ ನನಗೆ ಅನುಮಾನ ಹುಟ್ಟಿತು. ಸುಳ್ಳು ಹೇಳುವವನ ಮುಖ ನನಗೆ ಗೊತ್ತು, ಇದು ಅದಲ್ಲ. ಬಾಗಿಲಿನಿಂದ ನಾನೂ ಬಗ್ಗಿದೆ. ಪೆಡಲಿನ ರಬ್ಬರ್ ಸವೆದು ಹರಿದು, ಕಬ್ಬಿಣದ ಅಂಚು ಹೊರಗೆ ಬಂದಿತ್ತು. ಅಂಚಿನ ಮೇಲೆ ಒದ್ದೆ ಕಲೆ. ಗ್ಯಾರೇಜಿನ ಗ್ರೀಸು, ಡೀಸೆಲ್ಲುಗಳ ನಡುವೆಯೂ ಆ ವಾಸನೆ ಸಿಕ್ಕಿತು. ಸರ್ಜರಿ ವಾರ್ಡಿನಲ್ಲಿ ಕೆಲಸ ಮಾಡಿದವರ ಮೂಗು ಅದನ್ನು ಮರೆಯುವುದಿಲ್ಲ.

"ಎಡಗಾಲು ತೋರ್ಸು."

"ಯಾಕೆ ಸಿಸ್ಟರಮ್ಮ?"

"ಎತ್ತು ಅಂದೆ."

"ಅಯ್ಯೋ, ಬೇಡಿ. ದೊಡ್ಡೋರು ನೀವು, ನನ್ನ ಕಾಲು ಮುಟ್ಟೋದಾ? ಪಾಪ ಸುತ್ಕೊಳುತ್ತೆ ನಂಗೆ."

"ಈ ಊರಲ್ಲಿ ನಾನು ಮುಟ್ಟಿರೋ ಕಾಲಿಗೆಲ್ಲ ಪಾಪ ಸುತ್ಕೊಂಡಿದ್ರೆ ಬೆಂಗಳೂರು ಮುಳುಗ್ತಿತ್ತು. ಎತ್ತು."

ಅವನು ಹಿಂಜರಿಯುತ್ತ ಕಾಲೆತ್ತಿದ. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಸುತ್ತ ದಪ್ಪ ಚರ್ಮ ಕಟ್ಟಿದ ಹುಣ್ಣು. ನಡುವೆ ಗುಳಿ, ಗುಳಿಯಲ್ಲಿ ಕೀವು. ಅವನಿಗೆ ಇದು ಗೊತ್ತೇ ಇರಲಿಲ್ಲ. "ನೋವೇ ಇಲ್ವಲ್ಲ!" ಎಂದ.

ಕಣ್ಣು ಮುಚ್ಚಲು ಹೇಳಿ, ಸೆರಗಿನ ತುದಿಯನ್ನು ಹುರಿ ಮಾಡಿ ಅವನ ಬೆರಳುಗಳಿಗೆ ಒಂದೊಂದಾಗಿ ತಾಗಿಸಿದೆ. ಮುಟ್ಟಿದಾಗ ಹೇಳು ಎಂದಿದ್ದೆ. ಐದೂ ಬೆರಳು ಮುಗಿದ ಮೇಲೆ ಅವನು, "ಶುರು ಮಾಡಿ ಸಿಸ್ಟರಮ್ಮ," ಎಂದ.

ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಮಾತ್ರೆಯ ಬಗ್ಗೆ ಕೇಳಿದೆ. ನಿಲ್ಲಿಸಿದ್ದಾನಂತೆ. "ಮೊದಲು ಅಂಗಾಲು ಉರೀತಿತ್ತು. ಉರಿ ಪೂರ್ತಿ ನಿಂತೋಯ್ತು. ವಾಸಿ ಆಯ್ತು ಅಂದ್ಕೊಂಡೆ." ಉರಿ ನಿಂತದ್ದು ನರ ಸತ್ತು. ಪೆಡಲ್ ಎಲ್ಲಿದೆ ಎಂದು ಆ ಕಾಲಿಗೆ ತಿಳಿಯುತ್ತಿರಲಿಲ್ಲ. ದಿನವೂ ತನ್ನನ್ನು ಕೊರೆಯುತ್ತಿದ್ದ ಕಬ್ಬಿಣವೂ ತಿಳಿಯುತ್ತಿರಲಿಲ್ಲ.

ಹೀಗೆ ಸ್ವಂತ ಕಾಲಲ್ಲಿ ನಡೆದು ವಾರ್ಡಿಗೆ ಬಂದ ಎಷ್ಟೋ ಗಂಡಸರು ಗಾಲಿಕುರ್ಚಿಯಲ್ಲಿ ಮನೆಗೆ ಹೋದದ್ದನ್ನು ನಾನು ಕಂಡಿದ್ದೇನೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಗಾಡಿಯ ಕೀಲಿ ಕೊಡು ಎಂದೆ. ಅವನು ಕೊಡದೆ ಮುಷ್ಟಿಯಲ್ಲೇ ಹಿಡಿದುಕೊಂಡ.

"ಬಿಡಿಸ್ಬಿಡ್ತೀರಾ ಕೆಲ್ಸದಿಂದ?"

"ಮೊದಲು ಕಾಲು ಉಳೀಲಿ."

ಮೆಕ್ಯಾನಿಕ್ಕೇ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಕೊಡು ಗುರು. ಹೊಸ ರಬ್ಬರ್ ಹಾಕಿ ನಾನೇ ಗೋಡೌನಿಗೆ ಬಿಡ್ತೀನಿ. ನಾಳೆ ಛತ್ರದಿಂದ ಪಾತ್ರೆನೂ ತಂದ್ಕೊಡ್ತೀನಿ. ನಿನ್ನ ಗಾಡಿ ಏನೂ ತಿನ್ಕೊಳಲ್ಲ ನಾನು." ಆಗ ಕೀಲಿ ಕೈಬಿಟ್ಟಿತು.

ಆಟೋದಲ್ಲಿ ಹನುಮಂತನಗರದ ಕ್ಲಿನಿಕ್ಕಿಗೆ ಹೋದೆವು. ಅವನ ಮನೆಯೂ ಆ ಕಡೆಗೇ. ಎಕ್ಸ್‌ರೇ ಬರುವ ತನಕ ಬೆಂಚಿನ ಮೇಲೆ ಕೂತಿದ್ದಾಗ ಅವನು ತನ್ನ ಎಡಗಾಲನ್ನು ಬೇರೆ ಯಾರದೋ ವಸ್ತುವಿನ ಹಾಗೆ ನೋಡುತ್ತಿದ್ದ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಹುಣ್ಣು ಎಲುಬಿಗೆ ತಾಗಿರಲಿಲ್ಲ. ಡಾಕ್ಟರು ಸತ್ತ ಚರ್ಮ ಕತ್ತರಿಸಿ, ತೊಳೆದು, ಪಟ್ಟಿ ಕಟ್ಟಿದರು. ಆ ಕಾಲಿನ ಮೇಲೆ ಭಾರ ಹಾಕಕೂಡದು, ಡ್ರೈವಿಂಗ್ ಮಾತೇ ಇಲ್ಲ ಎಂದರು. ಹುಣ್ಣು ಆರಿದ ಮೇಲೆ ಓಡಿಸಬಹುದೇ ಎಂದು ಅವನು ಕೇಳಿದ. ಹುಣ್ಣು ಆರಬಹುದು, ಸ್ಪರ್ಶ ಮರಳುವುದು ಕಷ್ಟ ಎಂದರು.

ಮನೆ ತಲುಪಿದಾಗ ಸಂಜೆ ದೀಪ ಹಚ್ಚುವ ಹೊತ್ತು. ಅವನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, "ಚಪ್ಪಲೀಲಿ ಕಲೆ ನೋಡಿ ಕೇಳಿದ್ದೆ. ಆಯಿಲ್ ಕಣೇ ಅಂದ್ರು," ಎಂದಳು.

ಅವನು ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಬೆಳಗಿನಿಂದ ನಾನು ಮುಂದೂಡುತ್ತಿದ್ದ ಮಾತನ್ನು ಅಲ್ಲೇ, ಅವಳೆದುರಿಗೇ ಹೇಳಿದೆ. "ಮತ್ತೆ ಗಾಡಿ ಕೊಡ್ತೀನಿ ಅಂತ ಮಾತು ಕೊಡಲ್ಲಪ್ಪ. ಆ ಸ್ಕೂಟರಿನ ಮಗು ನೋಡಿದೀನಿ. ಆದ್ರೆ ಅಂಗಡಿ ಬಿಟ್ಟು ಹೋಗು ಅಂತಾನೂ ಹೇಳಲ್ಲ. ಕಾಲು ಊರಬಹುದು ಅಂದ ದಿನ ಬಾ. ಗೋಡೌನಲ್ಲಿ ಕೂತು ಪಾತ್ರೆ ಕೊಡೋದು, ತಗೊಳೋದು ನಿಂದು. ಹೊಸ ಡ್ರೈವರ್‌ಗೆ ಲೋಡ್ ಮಾಡ್ಸೋದೂ ನಿಂದೇ."

ಅವನು ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲೆ ಸರಿಸಿಕೊಂಡ. ಆಮೇಲೆ, "ಹೊಸಬ ದೊಡ್ಡ ಕೊಪ್ಪರಿಗೆ ಮೇಲೆ ಒಲೆ ಇಟ್ಬಿಡ್ತಾನೆ ಸಿಸ್ಟರಮ್ಮ. ತಗ್ಗಾಗುತ್ತೆ," ಎಂದ.

"ಅದಕ್ಕೇ ನೀನು ಬೇಕು," ಎಂದೆ.

ಒಂದು ಕೆಲಸ ಬಾಕಿಯಿತ್ತು. ಬಲಗಾಲಿಗೂ ಹೀಗೆ ತಿಳಿಯದೆ ಹುಣ್ಣಾಗದಿರಲೆಂದು, ಅವನ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅದನ್ನು ನೋಡುವುದನ್ನು ಕಲಿಸಿದೆ. ಮೊಬೈಲ್ ಟಾರ್ಚ್ ಹಿಡಿದು ಮೊದಲು ಹಿಮ್ಮಡಿ, ಆಮೇಲೆ ಅಂಗಾಲು, ಕೊನೆಗೆ ಬೆರಳುಗಳ ಸಂದು. ಪ್ರತಿದಿನ, ದೀಪ ಹಚ್ಚಿದ ಮೇಲೆ. ನಾನು ಒಮ್ಮೆ ಮಾಡಿ ತೋರಿಸಿ, ಅವಳಿಂದ ಮಾಡಿಸಿದೆ. ಅವಳು ಅವಸರಪಡಲಿಲ್ಲ. ಕಿರುಬೆರಳಿನ ಸಂದನ್ನೂ ಬಿಡಿಸಿ ನೋಡಿ, "ಏನೂ ಇಲ್ಲ ಸಿಸ್ಟರಮ್ಮ," ಎಂದು ಟಾರ್ಚ್ ಆರಿಸಿದಳು.