ಮೇಣದ ಮೂಗು

ಯುದ್ಧದ ವರ್ಷಗಳಲ್ಲಿ ಮುಳಬಾಗಿಲಿನ ಸುತ್ತ ಹಳೆಯ ಗುಡಿ, ಮಂಟಪಗಳ ಫೋಟೊ ತೆಗೆಯುತ್ತ ತಿರುಗುತ್ತಿದ್ದಾಗ, ಒಂದು ಹಳ್ಳಿಯ ಅಮ್ಮನ ಗುಡಿಯಲ್ಲಿ ಒಬ್ಬ ಪೂಜಾರಮ್ಮನನ್ನು ಕಂಡೆ. ದೇವಿಯ ಮುಖಕ್ಕೆ ಅವಳು ಅರಿಶಿನವನ್ನು ದಪ್ಪಗೆ ಮೆತ್ತುತ್ತಿದ್ದಳು. ಒರೆಸಿದರೆ ಕೆತ್ತನೆ ಚೆನ್ನಾಗಿ ಕಾಣುತ್ತದೆ ಎಂದೆ. "ಇರೋ ಹಂಗೇ ಇರ್ಲಿ ಬಿಡಿ ಸ್ವಾಮಿ," ಎಂದಳು. ಏನು ಕೇಳಿದರೂ ಅವಳದು ಅದೇ ಮಾತು.

ಅವಳು ನೀರಿಗೆ ಹೋದಾಗ ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ. ದೇವಿಯ ಮೂಗು ಬಟ್ಟೆಯೊಳಗೆ ಕಿತ್ತು ಬಂತು. ಅದು ಮೇಣದ್ದು; ಕಲ್ಲಿನ ಮೂಗು ಎಂದೋ ಮುರಿದಿತ್ತು. ಗಾಬರಿಯಾದರೂ ಫೋಟೊ ತೆಗೆದೆ. ಬಂದು ಕೊಡ ಇಳಿಸಿದವಳು ನನ್ನನ್ನು ಬೈಯಲಿಲ್ಲ. ಮೇಣವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಅಂಟಿಸಿದಳು.

"ಊರೋರಿಗೆ ತಿಳಿದ್ರೆ ಅಮ್ಮನ್ನ ಇಲ್ಲಿ ಇರೋಕೆ ಬಿಡಲ್ಲ. ಯಾರ್ಗೂ ತೋರಿಸ್ಬೇಡಿ ಸ್ವಾಮಿ."

ಹೂಂ ಅಂದಿದ್ದೆ. ಆದರೆ ಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಮುಂದಿನ ಸಲ ಆ ಹಳ್ಳಿಗೆ ಹೋಗಿ, ಊರಿನ ಪಟೇಲರು ಫೋಟೊ ಕೇಳಿದಾಗ, ಮೆಚ್ಚಲಿ ಎಂಬ ಆಸೆಗೆ ತೋರಿಸಿಬಿಟ್ಟೆ. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದೆಂದು ಅದನ್ನು ಕೆರೆಗೆ ಬಿಟ್ಟು, ಶಿಲ್ಪಿಗಳ ಊರಾದ ಶಿವಾರಪಟ್ಟಣದಿಂದ ಊರವರು ಹೊಸ ದೇವಿಯನ್ನು ತಂದರು. ಹೊಸ ಪೂಜಾರಿಯೂ ಬಂದ.

ಮತ್ತೆ ಹೋದಾಗ ಅವಳು ಕೆರೆ ಏರಿಯ ಮೇಲೆ ಕುಳಿತಿದ್ದಳು. ತಪ್ಪಾಯಿತು ಎನ್ನಲೆಂದು ಹತ್ತಿರ ಕುಳಿತೆ. ಅವಳು ನೀರಿನಿಂದ ಕಣ್ಣು ತೆಗೆಯದೆ, "ಬಿಸಿಲಲ್ಲಿ ಬಂದಿದ್ದೀರಿ, ಊಟ ಆಯ್ತಾ ಸ್ವಾಮಿ?" ಎಂದು ಕೇಳಿದಳು.

ಆಯಿತು ಎಂದು ಸುಳ್ಳು ಹೇಳಿ ಎದ್ದು ಬಂದೆ.