ಕಾಸಿಂಬಿಯ ಮನೆಗೆ ಹೋದ ಅರಿಷಿಣದ ಡಬ್ಬಿ

ಆ ದಿನ ಸಂಗವ್ವ ಕಡಲೆಹಿಟ್ಟಿನ ಝುಣಕ ಮಾಡಿದ್ದಳು. ಗಂಡ ಅಂದಪ್ಪ ಮಗ್ಗದಿಂದ ಎದ್ದು ಬಂದು ಗಂಗಾಳದ ಮುಂದೆ ಕುಳಿತ. ಒಂದು ತುತ್ತು ತಿಂದು ಅವಳ ಮುಖ ನೋಡಿದ.

“ಏನ ಇದು, ಬಿಳಿ ಝುಣಕಾ? ಅರಿಷಿಣ ಮರತಿಯೇನ?”

“ಮರತಿಲ್ಲ. ನಿಮಗ ಕಣ್ಣ ಕಾಣವಲ್ದು.”

“ನನ್ನ ಕಣ್ಣ ರೇಷ್ಮಿ ಎಳಿ ಎಣಸ್ತಾವ. ನಿನ್ನ ಕೈ ಬಿಗಿ ಆಗೇತಿ.”

ಅವಳು ಡಬ್ಬಿ ತೆಗೆದು ಒಂದು ಚಿಟಿಕೆ ಅವನ ಗಂಗಾಳದ ಮೇಲೇ ಉದುರಿಸಿದಳು. ಅವನು ನಗುತ್ತ, ಮುಖ ಕಿವುಚುತ್ತ, ಎಲ್ಲ ಉಂಡ.

ಮರುದಿನ ಮುಂಜಾನೆ ಅವನ ಕಣ್ಣು ಹಳದಿಯಾಗಿತ್ತು.

ಕಾಮಾಲೆ ಅಂದರು. ಹಳದಿ ಬ್ಯಾನಿಗೆ ಹಳದಿ ಆಗದು ಎಂಬುದು ಇಳಕಲ್ಲಿನ ಆ ಓಣಿಯ ನಂಬಿಕೆ. ಅಂದಪ್ಪನ ಅಣ್ಣ ಹನಮಂತಪ್ಪ ನಿಂತು ಮನೆಯ ಹಳದಿಯನ್ನೆಲ್ಲ ಹೊರಗೆ ಹಾಕಿಸಿದ. ಮಗ್ಗದ ಬದಿಗಿದ್ದ ಹಳದಿ ನೂಲು ಹೋಯಿತು. ತೊಗರಿಬೇಳೆ ಹೋಯಿತು. ಅರಿಷಿಣದ ಡಬ್ಬಿ ಪಕ್ಕದ ಮನೆಯ ಕಾಸಿಂಬಿಯ ಪಾಲಾಯಿತು.

“ಉದರಿಸಿದಿ ಅಲ್ಲ ಚಿಟಿಕಿ, ಅದ ಏರಿತು” ಎಂದು, ತಮ್ಮನಿಂದ ಝುಣಕದ ಸುದ್ದಿ ಕೇಳಿದ್ದ ಹನಮಂತಪ್ಪ ಸಂಗವ್ವನಿಗೆ ಅಂದ.

ಅಂದಪ್ಪನಿಗೆ ಬಿಳಿ ಅನ್ನ, ಮಜ್ಜಿಗೆ. ಮೂಗಿಗೆ ಎಲೆಯ ರಸ. ಹಳದಿ ಇಳಿಯಲಿಲ್ಲ. ಹೊಟ್ಟೆ ಉಬ್ಬಿ ಮಾತು ತಪ್ಪತೊಡಗಿದ ಮೇಲೆ ಬಾಗಲಕೋಟೆಯ ದವಾಖಾನೆಗೆ ಒಯ್ದರು. ಲಿವರ್ ಕೆಟ್ಟಿದೆ, ತಡವಾಯಿತು ಎಂದರು. ಅಲ್ಲೇ ಹೋದ.

ಮಣ್ಣು ಮಾಡಿ ಬಂದ ಮೇಲೆ ಸಂಗವ್ವ ಡಬ್ಬಿ ಕೇಳಲಿಲ್ಲ. ಕಾಸಿಂಬಿಯೂ ಆ ಮಾತು ಎತ್ತಲಿಲ್ಲ. ಗಂಡ ಸತ್ತವಳಿಗೆ ಅರಿಷಿಣ ಯಾಕೆ? ಆ ಚಿಟಿಕೆ ಮಾತ್ರ ಅವಳ ಎದೆಯಲ್ಲಿ ಕುಳಿತಿತ್ತು. ಅಡಿಗೆಗೂ ಅರಿಷಿಣ ಹಾಕುವುದು ಬಿಟ್ಟಳು. ಮಗ ಶ್ರೀಶೈಲ ಸುಮ್ಮನೆ ಉಣ್ಣುತ್ತಿದ್ದ. ಕೆಲವು ವರ್ಷಗಳ ಮೇಲೆ ಶಿರೂರಿನಿಂದ ಸೊಸೆಯಾಗಿ ಬಂದ ಪದ್ಮಶ್ರೀ ಸುಮ್ಮನಿರಲಿಲ್ಲ.

“ಅತ್ತಿ, ನಮ್ಮ ಸಾರು ಯಾಕ ಹಿಂಗ ಮುಸರಿ ನೀರಿನ ಬಣ್ಣ ಐತಿ?”

“ಉಣ್ಣು.”

ಹೋದ ವರ್ಷ ಪದ್ಮಶ್ರೀ ಬಸುರಿಯಾದಳು. ಒಂದು ಮುಂಜಾನೆ ಮುಖ ತೊಳೆದು ತಲೆ ಎತ್ತಿದಳು. ಸಂಗವ್ವ ಅವಳ ಕಣ್ಣು ನೋಡಿ ಕೈಯಲ್ಲಿದ್ದ ಕೊಡ ಕೆಳಗಿಳಿಸಿದಳು.

ಸುದ್ದಿ ತಿಳಿದು ಹನಮಂತಪ್ಪ ಬಂದ. “ಎಲಿ ರಸ ತರಸ್ತೇನಿ. ಮನ್ಯಾಗಿನ ಹಳದಿ ತಗೀರಿ.”

“ಹಳದಿ ಎಲ್ಲೈತ್ರಿ ಭಾವಾರ? ನೀವು ಹೊರಗ ಹಾಕಿಸಿದ್ದು ಇನ್ನೂ ಹೊಳ್ಳಿ ಬಂದಿಲ್ಲ. ಬ್ಯಾನಿ ಬಂತ ನೋಡ್ರಿ.”

ಶ್ರೀಶೈಲ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

“ಅವ್ವಾ, ದೊಡ್ಡಪ್ಪ ಅಂದಂಗ ಎರಡ ದಿನ ನೋಡಿ...”

“ನಿಮ್ಮಪ್ಪನ್ನ ನೋಡಿದಿವಿ. ಗಾಡಿ ಕರಿ.”

ಅಂದೇ ಬಾಗಲಕೋಟೆಗೆ ಹೋದರು. ಡಾಕ್ಟರು ಅನುರಾಧಾ ಪದ್ಮಶ್ರೀಯನ್ನು ಅಲ್ಲೇ ಇಟ್ಟುಕೊಂಡರು. ಬಸುರಿಗೆ ಈ ಬ್ಯಾನಿ ಭಾಳ ಕೆಟ್ಟದ್ದು, ತಾಯಿ ಕೂಸು ಇಬ್ಬರ ಜೀವಕ್ಕೂ ಕುತ್ತು ತರುತ್ತದೆ ಎಂದರು. ಸಂಗವ್ವ ಬಾಗಿಲ ಹೊರಗೆ ಕುಳಿತಳು. ಯಾರು ಕರೆದರೂ ಮನೆಗೆ ಹೋಗಲಿಲ್ಲ. ಸೊಸೆಯ ಕಣ್ಣು ತಿಳಿಯಾಗತೊಡಗಿದ ದಿನ, ಇಷ್ಟು ವರ್ಷ ಹೊತ್ತ ಮಾತು ಡಾಕ್ಟರ ಮುಂದೆ ಬಾಯಿಗೆ ಬಂತು.

“ಬಾಯಾರ, ಒಂದ ಚಿಟಿಕಿ ಅರಿಷಿಣದಿಂದ ಲಿವರ್ ಹೋಗತೈತೇನ್ರಿ?”

“ಅಡಗಿ ಅರಿಷಿಣದಿಂದ ಕಾಮಾಲಿ ಬರೂದಿಲ್ಲಮ್ಮ. ಕಣ್ಣಿನ ಹಳದಿ ಪಿತ್ತದ್ದು, ಅರಿಷಿಣದ್ದಲ್ಲ. ಅರಿಷಿಣ ಲಿವರ್ ಕಾಯ್ತದೇನೋ ಅಂತ ಪರೀಕ್ಷಾ ನಡದಾವ. ಇಲಿಗಳ ಮ್ಯಾಲೆ ಚಲೋ ಕಂಡದ. ಔಷಧ ಅನ್ನೂವಷ್ಟು ಇನ್ನೂ ಗಟ್ಟಿ ಆಗಿಲ್ಲ. ಸಾರಿಗೆ ಹಾಕ್ರಿ. ಚಮಚಾಗಟ್ಟಲೆ ನುಂಗಬ್ಯಾಡ್ರಿ, ಅದರ ಗುಳಗಿ ತಗೋಬ್ಯಾಡ್ರಿ, ಅದರಿಂದ ಲಿವರಿಗೆ ಪೆಟ್ಟು ಬಿದ್ದದ್ದೂ ಅದ. ಮತ್ತ ನೀರು ಕಾಸಿ ಕುಡೀರಿ. ನಿಮ್ಮ ಸೊಸಿಗೆ ಬಂದದ್ದು ನೀರಿಂದ.”

“ಕೊಲ್ಲೂದಲ್ಲ, ಕಾಯೂದು?”

“ಕಾಯಬಹುದು.”

ಸಂಗವ್ವ ಸೆರಗು ಬಾಯಿಗೆ ಹಿಡಿದು ಅತ್ತಳು. ಆಮೇಲೆ ಮುಖ ತೊಳೆದು ಚಹಾ ಕುಡಿದಳು. ಅಂದಪ್ಪ ಹೋದ ಮೇಲೆ ಅಂದೇ ಚಹಾದ ಸಿಹಿ ನಾಲಿಗೆಗೆ ಹತ್ತಿದ್ದು.

ಪದ್ಮಶ್ರೀ ಗೆದ್ದು ಮನೆಗೆ ಬಂದಳು. ಅವಳನ್ನು ಒಳಗೆ ಕೂರಿಸಿ ಸಂಗವ್ವ ನೆಟ್ಟಗೆ ಕಾಸಿಂಬಿಯ ಬಾಗಿಲಿಗೆ ಹೋದಳು.

“ನನ್ನ ಡಬ್ಬಿ ಕೊಡು.”

“ಈಗ ನೆನಪಾತೇನ? ಅದನ್ನ ಎಷ್ಟ ಸಲ ತುಂಬಿ ಖಾಲಿ ಮಾಡೇನೋ. ಡಬ್ಬಿ ನಿಂದು, ಒಳಗಿಂದು ನಂದು.”

“ಒಳಗಿಂದೂ ಬೇಕು.”

“ತಗೋ ಮಾರಾಯ್ತಿ” ಎಂದು ಕಾಸಿಂಬಿ ಡಬ್ಬಿಯ ಬಾಯಿಮಟ ತುಂಬಿ ಕೊಟ್ಟಳು. ಕೊಡುವಾಗ ಅವಳ ಕಣ್ಣೂ ಒದ್ದೆ.

ಓಣಿಯಲ್ಲೇ ಹನಮಂತಪ್ಪ ಎದುರಾದ. ಡಬ್ಬಿ ನೋಡಿದ.

“ಗಂಡ ಸತ್ತಾಕಿ ಅರಿಷಿಣ ಮುಟ್ಟತಿ. ಅದೂ ಕಾಮಾಲಿ ಬಂದ ಮನ್ಯಾಗ.”

“ಹೌದ್ರಿ, ಮುಟ್ಟತೇನಿ. ಊಟಕ್ಕ ಬರ್ರಿ.”

ಅಂದು ಅವನು ಬರಲಿಲ್ಲ. ಪದ್ಮಶ್ರೀ ಹೆಣ್ಣು ಹೆತ್ತ ಮೇಲೆ ಬಂದ. ಕೂಸಿನ ಕಣ್ಣು ನೋಡಿದ, ತಾಯಿಯ ಕಣ್ಣು ನೋಡಿದ. ಸಂಗವ್ವ ಬಾಣಂತಿಯ ಕಾಲಿಗೆ ತನ್ನ ಕೈಯಿಂದಲೇ ಅರಿಷಿಣ ಹಚ್ಚುತ್ತಿದ್ದಳು. ಗಂಗಾಳ ಇಟ್ಟು ಬಂಗಾರದಂಥ ಝುಣಕ ಬಡಿಸಿದಳು. ಹನಮಂತಪ್ಪ ತಲೆ ತಗ್ಗಿಸಿ ಉಂಡ.

“ಇನ್ನಷ್ಟ ಹಾಕು” ಅಂದ. ಹಾಕಿದಳು.

ಈಗಲೂ ದಿನಾ ಮುಂಜಾನೆ ಸಂಗವ್ವ ಮೊದಲು ಕುಡಿಯುವ ನೀರು ಕಾಯಲಿಡುತ್ತಾಳೆ. ಅದು ಕುದಿಯುವುದರೊಳಗೆ ಅರಿಷಿಣದ ಒಂದು ಕೊಂಬು ಕುಟ್ಟಿ ಪುಡಿ ಮಾಡುತ್ತಾಳೆ. ಅಂದಪ್ಪನಿಗೆ ಬಿಳಿ ಝುಣಕ ಸೇರುತ್ತಿರಲಿಲ್ಲ. ಅಡಿಗೆಗೆ ಒಂದು ಚಿಟಿಕೆ ಹಾಕಿ, ಕೈ ತಡೆದು, ಮೇಲೆ ಇನ್ನಷ್ಟು ಉದುರಿಸುತ್ತಾಳೆ.